ಕಾವು ಕೊಟ್ಟ ಕಾಳು

ಈಶ್ವರ ಸಂವತ್ಸರ, ಮಾಘ ಶುದ್ಧ ಪಂಚಮಿ

ಥೂ, ಈ ಹೆಗಲಿಗಿಷ್ಟು ಬೆಂಕಿ ಹಾಕ.

ಬಲಗಡೆ ಹೆಗಲಿಂದ ಕಿವಿಯ ಬುಡದವರೆಗೂ ಯಾರೋ ಹಸಿ ಹಗ್ಗ ಹೊಸೆದು ಬಿಗಿದ ಹಾಗಿದೆ. ಯಾರಾದರೂ ಕರೆದರೆ ಕತ್ತು ತಿರುಗಲ್ಲ, ಬಂಡಿ ತಿರುಗಿಸಿದ ಹಾಗೆ ಇಡೀ ಮೈ ತಿರುಗಿಸಬೇಕು. ಕೈಯೆತ್ತಿ ತಲೆ ಬಾಚಿಕೊಳ್ಳೋಕೂ ಆಗದೆ ಬೆಳಿಗ್ಗೆ ಸೊಸೆ ಅನಸೂಯನ ಮುಂದೆ ತಲೆ ಕೊಟ್ಟು ಕೂತಿದ್ದೆ. ಅವಳು ಬಾಚಿದ್ದು ಹಸು ನೆಕ್ಕಿದ ಹಾಗಿತ್ತು. ಕೋಲಾರದ ಪೇಟೆ ಹುಡುಗಿ, ಕಾಗುಣಿತ ಬರುತ್ತೆ, ಕಸೂತಿ ಬರುತ್ತೆ, ಸಗಣಿ ಕಂಡರೆ ಮಾತ್ರ ಸೀರೆ ಎತ್ತಿ ಹಿಡಕೋತಾಳೆ.

ಬಾಯಿ ಬಿಟ್ಟು ನೋವು ಅನ್ನೋ ಹಾಗಿಲ್ಲ. ಪಕ್ಕದ ಮನೆ ಆಂಜಿನಮ್ಮ ಗೋಡೆಗೆ ಕಿವಿ ಒತ್ತಿಕೊಂಡೇ ರಾಗಿ ಬೀಸೋದು. ಅದಕ್ಕೇ ಬರೀತೀನಿ. ಅಪ್ಪ ಅಕ್ಷರ ಕಲೀಲಿ ಅಂತ ಕೂಲಿಮಠಕ್ಕೆ ಕಳಿಸಿದ್ದು ಇದಕ್ಕಾದರೂ ಬಂತು. ಒತ್ತಕ್ಷರ ತಪ್ಪಿದರೆ ತಪ್ಪಲಿ, ಓದೋರು ಯಾರು.

ನೋವು ದೊಡ್ಡದಲ್ಲ. ನನಗೆ ಹೆದರಿಕೆ ಆಷಾಢದ್ದು. ರಾಗಿ ಬಿತ್ತೋವಾಗ ಕೂರಿಗೆ ಹಿಂದೆ ಬಿದಿರಿನ ಸಡ್ಡೆ ಕೊಳವೆ ಹಿಡಿದು, ಅದರ ಬಾಯಿಗೆ ಒಂದೊಂದೇ ಅವರೆಕಾಳು ಬಿಡ್ತಾ ನಡೀಬೇಕು. ಕತ್ತು ಬಗ್ಗಿಸಿ, ಕೈ ಎದೆಮಟ್ಟಕ್ಕೆ ಎತ್ತಿ, ಈ ಬದುವಿಂದ ಆ ಬದುವಿನವರೆಗೂ. ನಮ್ಮೂರಲ್ಲಿ ಯಾರ ಹೊಲ ಬಿತ್ತಿದರೂ ಮೊದಲ ಕಾಳು ನನ್ನ ಕೈಯಿಂದ ಬೀಳಬೇಕು. ಕದಿರಮ್ಮ ಬಿಟ್ಟ ಕಾಳು ಒಂದೂ ಸುಳ್ಳಾಗಲ್ಲ ಅಂತ ಗೌನಿಪಲ್ಲಿವರೆಗೂ ಮಾತಿದೆ. ನಮ್ಮತ್ತೆ ನನಗೆ ಕೊಟ್ಟು ಹೋಗಿದ್ದು ಆ ಹೆಸರೊಂದೇ, ಒಡವೆಯೆಲ್ಲ ಮಗಳಿಗೆ ಕೊಟ್ಟಳು ಮುದುಕಿ. ಕೈ ಏಳದಿದ್ದರೆ ಆ ಕೆಲಸ ಆಂಜಿನಮ್ಮನ ಪಾಲು. ಅವಳು ಕಾಳು ಬಿಡೋದು ಕೋಳಿಗೆ ಎರಚಿದ ಹಾಗೆ.

ಮಾಘ ಶುದ್ಧ ದ್ವಾದಶಿ

ನಮ್ಮ ಯಜಮಾನರು ಯಾರನ್ನೂ ಕೇಳದೆ ಗಂಗುಲಪ್ಪನ್ನ ಕರಕೊಂಡು ಬಂದರು. ಬರೆ ಹಾಕೋ ಗಂಗುಲಪ್ಪ. ದನಕ್ಕೂ ಅವನೇ, ಮನುಷ್ಯರಿಗೂ ಅವನೇ. ಅರಿಶಿನದ ಕೊಂಬು ಕೆಂಡದಲ್ಲಿ ಕಾಯಿಸಿ ಚುರ್ ಅಂತ ಒತ್ತುತಾನೆ. ಉಗುರಲ್ಲಿ ಕರಿ, ಬಾಯಲ್ಲಿ ಹೆಂಡದ ಹುಳಿ ನಾತ.

"ಏಮ್ಮಾ, ಇರುವೆ ಕಚ್ಚಿದ ಹಾಗಿರುತ್ತೆ ಅಷ್ಟೇ," ಅಂದ.

"ಇರುವೆ ಕಚ್ಚಿಸಿಕೊಳ್ಳೋಕೆ ನೀನ್ಯಾಕೋ, ಹುತ್ತದ ಮೇಲೆ ಕೂತರಾಯ್ತು. ನಾನೇನು ನಿನ್ನ ಎತ್ತಾ? ನಡೀ ಆಚೆ," ಅಂದೆ.

ಇವರು ಜಗಲಿಯಿಂದಲೇ, "ವಯಸ್ಸಾಯ್ತು ಕಣೇ, ಹಠ ಬಿಡು," ಅಂತ ಎಲೆಅಡಿಕೆ ಉಗಿದರು. ಉಗಿದದ್ದು ನಾನು ಬೆಳಿಗ್ಗೆ ಸಾರಿಸಿದ ಅಂಗಳಕ್ಕೆ.

ಸಂಜೆ ಬಾವಿ ಹತ್ತಿರ ಆಂಜಿನಮ್ಮ. "ಯಾಕೆ ಕದಿರಕ್ಕ, ಗಂಗುಲಪ್ಪ ಬಂದಿದ್ದನಂತೆ?" ಹಸು ನೋಡೋಕೆ ಬಂದಿದ್ದ ಅಂದೆ. ಅಷ್ಟಕ್ಕೇ ಬಿಡದೆ ತುಂಬಿದ ಬಿಂದಿಗೆ ಬಲಗೈಲೇ ಎತ್ತಿ ಸೊಂಟಕ್ಕೆ ಇಟ್ಟೆ. ಕಣ್ಣಲ್ಲಿ ಬೆಂಕಿ ಹಾರಿತು. ತಿರುವಿನವರೆಗೂ ನಗ್ತಾನೇ ಬಂದೆ. ಆಮೇಲೆ ಬಿಂದಿಗೆ ಇಳಿಸಿ ಹೊಂಗೆ ಮರಕ್ಕೆ ಒರಗಿ ನಿಂತೆ, ಒಂದಿಷ್ಟು ವಾಂತಿನೂ ಆಯ್ತು. ಅನಸೂಯ ಎಲ್ಲಿಂದ ಬಂದಳೋ, ಬಿಂದಿಗೆ ತಗೊಂಡು ಮನೆ ಕಡೆ ನಡೆದಳು. ನನ್ನ ಹಿಂದೆ ಗೂಢಚಾರಿಣಿ ಹಾಗೆ ಸುತ್ತುತಾಳೆ, ಅಸಹ್ಯ.

ಮಾಘ ಬಹುಳ ಬಿದಿಗೆ

ಎಕ್ಕದ ಎಲೆ ಬಾಡಿಸಿ ಕಟ್ಟಿಕೊಂಡೆ. ತುರಿಕೆ ಬಂತು, ನೋವು ಹೋಗಲಿಲ್ಲ. ಇಟ್ಟಿಗೆ ಕಾಯಿಸಿ ಗೋಣಿಲಿ ಸುತ್ತಿ ಇಟ್ಟುಕೊಂಡೆ. ಗೋಣಿ ಸೀದು ಮನೆಯೆಲ್ಲ ಸುಡುಗಾಡಿನ ವಾಸನೆ. ಮೇಲಿಂದ ಹರಳೆಣ್ಣೆ. ಈ ಹರಳೆಣ್ಣೆ ಕಂಡರೆ ನನಗೆ ಹುಟ್ಟಿದಾಗಿಂದ ಆಗಲ್ಲ. ಜಿಗುಟು, ಮುಗ್ಗಲು ನಾತ, ಸೀರೆಗೆ ಹತ್ತಿದರೆ ಸೀಗೆಗೂ ಹೋಗಲ್ಲ.

ಅನಸೂಯ ಬಾಗಿಲ ಹತ್ತಿರ ನಿಂತು, "ಅತ್ತೆ, ನಮ್ಮಜ್ಜಿಗೆ ಗಂಟು ಕಟ್ಟಿ ಕಾವು ಕೊಡ್ತಿದ್ವಿ. ಮರಳು ಹುರಿದು," ಅಂದಳು.

"ಮರಳು ಸೋರಿ ಚಾಪೆಯೆಲ್ಲ ಕೆರೆ ಮಾಡೋಕಾ? ಕೊಡೋದಾದರೆ ಕಾಳಲ್ಲಿ ಕೊಡು. ಅವರೆಕಾಳು ಕಾವು ಹಿಡಿಯುತ್ತೆ," ಅಂದೆ.

ಕೊಟ್ಟಳು. ಹಳೇ ಪಂಚೆ ತುಂಡಲ್ಲಿ ಕಾಳು ಕಟ್ಟಿ, ಹಂಚಿನ ಮೇಲಿಟ್ಟು, ತನ್ನ ಕೆನ್ನೆಗೆ ಮುಟ್ಟಿಸಿ ನೋಡಿ, ಆಮೇಲೆ ನನ್ನ ಕತ್ತಿಗೆ. ತನ್ನ ಕೆನ್ನೆಗೆ ಮುಟ್ಟಿಸಿದ್ದನ್ನ ನನಗೆ. ಥೂ. ಕೈ ಬೇರೆ ಬೆವರು. ಒತ್ತೋದು ಬರಲ್ಲ, ಉಜ್ಜೋದು ಬರಲ್ಲ. ಕೇಳದಿದ್ದರೂ ಕೋಲಾರದ ಸುದ್ದಿ, ಅವರಪ್ಪ ಕಚೇರೀಲಿ ಗಂಟೆ ಹೊಡೆಯೋದು, ಅವರ ಬೀದೀಲಿ ಸಾಯಂಕಾಲ ದೀಪ ಹಚ್ಚೋನು ಬರೋದು, ಹೀಗೇ ವಟವಟ. ಕೇಳ್ತಾ ಕೇಳ್ತಾ ನಿದ್ದೆ ಹತ್ತಿಬಿಟ್ಟಿತ್ತು. ಬೇಜಾರಿಗೆ.

ಮಾಘ ಬಹುಳ ಅಷ್ಟಮಿ

ಕತ್ತು ಕೊಂಚ ತಿರುಗಿತು. ಹವಾ ಬದಲಾಗಿರಬೇಕು.

ಫಾಲ್ಗುಣ ಶುದ್ಧ ತದಿಗೆ

ಗಂಟು ನಾರ್ತಾ ಇದೆ. ಹೆಗಲ ಹರಳೆಣ್ಣೆ ಎಲ್ಲ ಕುಡಿದು, ಬೆವರು ಕುಡಿದು, ಬಿಸಿ ಮಾಡಿದಾಗ ಸತ್ತ ಇಲಿ ಪಕ್ಕ ಮಲಗಿದ ಹಾಗೆ. ಕಾಳು ಬದಲಾಯಿಸೇ ಅಂದೆ.

"ಹಳೇದು ತಿಪ್ಪೆಗೆ ಹಾಕಲಾ ಅತ್ತೆ?" ಅಂದಳು.

ಮೈ ಉರಿದುಹೋಯ್ತು. "ತಿಪ್ಪೆಗಾ? ನಿಮ್ಮಪ್ಪನ ಮನೇಲಿ ಕಾಳು ಆಕಾಶದಿಂದ ಉದುರುತ್ತಾ? ಬಗ್ಗಿ ಕಳೆ ಕಿತ್ತಿದ್ದೀಯಾ ನೀನು? ಒಂದು ಕಾಳು ಈ ಮನೆ ಹೊಸಿಲು ದಾಟಿದರೆ ನಿನ್ನೂ ದಾಟಿಸ್ತೀನಿ. ಎಲ್ಲಿಂದ ತೆಗೆದ್ಯೋ ಅಲ್ಲಿಗೇ ಹಾಕು!"

ಮುಖ ಸಣ್ಣ ಮಾಡಿಕೊಂಡು ಹೋದಳು. ಮಗ ಚನ್ನರಾಯ ಹಟ್ಟಿಯಿಂದಲೇ, "ಅಮ್ಮಾ, ಮೆತ್ತಗೆ," ಅಂದ. ಇವನೊಬ್ಬ ಬಾಕಿ ಇದ್ದ.

ಫಾಲ್ಗುಣ ಬಹುಳ ಚೌತಿ

ಇವತ್ತು ಊಟಕ್ಕೆ ಅವರೆಕಾಳು ಸಾರು. ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟೆ. ಆಗ ತಲೇಲಿ ಮಿಂಚಿತು. ಆ ಗಂಟಿನ ಕಾಳು! ನನ್ನ ಹೆಗಲ ಬೆವರು ಕುಡಿದ ಕಾಳು ನನಗೇ ಸಾರು ಮಾಡಿ ಬಡಿಸಿದಳೋ ಏನೋ. ಎದ್ದು ಹೋಗಿ ಉಗಿದು ಬಾಯಿ ಮುಕ್ಕಳಿಸಿ, ಬೂದಿ ಹಾಕಿ ನಾಲಿಗೆ ಉಜ್ಜಿದೆ.

"ಏನ್ಲೇ ಅನಸೂಯ, ಆ ಗಂಟಿನ ಕಾಳಾ ಇದು?"

"ಅಯ್ಯಯ್ಯೋ ಇಲ್ಲ ಅತ್ತೆ! ಅಡುಗೆ ಡಬ್ಬಕ್ಕೆ ಹಾಕ್ತೀನಾ? ತೆಗೆದ ಜಾಗಕ್ಕೇ ಹಾಕಿದೀನಿ, ನೀವು ಹೇಳಿದ ಹಾಗೆ."

ಹಾಗಾದರೆ ಹಟ್ಟೀಲಿ ದನಕ್ಕೆ ಇಟ್ಟ ಜೊಳ್ಳುಕಾಳಿನ ಬುಟ್ಟಿಗೆ ಹಾಕಿದಾಳೆ. ಹಸುಗೆ ಹೇಸಿಗೆ ಇಲ್ಲ, ತಿನ್ನಲಿ. ಆದರೂ ನಾನು ಮಜ್ಜಿಗೇಲೇ ಉಂಡೆ. ಮೊಮ್ಮಗಳು ಶ್ಯಾಮಲ ನಾನು ಉಗಿದ ಹಾಗೇ ತಾನೂ ಥೂ ಥೂ ಅಂತ ಮನೆಯೆಲ್ಲ ಉಗುಳಿ ನಕ್ಕಳು. ಅವರಮ್ಮನೂ ಸೆರಗು ಬಾಯಿಗಿಟ್ಟು ನಗ್ತಿದ್ದಳು, ನಾನು ನೋಡಿಲ್ಲ ಅಂದುಕೊಂಡಿದಾಳೆ.

ಬಹುಧಾನ್ಯ ಸಂವತ್ಸರ, ಚೈತ್ರ ಶುದ್ಧ ಪಾಡ್ಯ

ಯುಗಾದಿ. ತೋರಣ ನಾನೇ ಕಟ್ಟಿದೆ, ಬಾಗಿಲ ಮೇಲಿನ ಮೊಳೆಗೆ ಬಲಗೈ ಎತ್ತಿ. ಯಾರೂ ಗಮನಿಸಲಿಲ್ಲ. ಇವರು ಒಬ್ಬಟ್ಟು ಎಷ್ಟಿದೆ ಅಂತ ಎಣಿಸ್ತಿದ್ದರು. ಅನಸೂಯ ಮಾತ್ರ ಹಿತ್ತಲ ಬಾಗಿಲಲ್ಲಿ ನಿಂತು ಹಲ್ಲು ಬಿಡ್ತಿದ್ದಳು, ತಾನೇ ಕಟ್ಟಿದವಳ ಹಾಗೆ.

ವೈಶಾಖ ಶುದ್ಧ ಸಪ್ತಮಿ

ಅವಳು ತವರಿಗೆ ಹೋಗಿದಾಳೆ, ತಂಗಿ ಮದುವೆಗೆ. ಮನೆ ಶಾಂತವಾಗಿದೆ ಅಂದುಕೊಂಡರೆ ಈ ಶಾಂತಿನೂ ಕಿವಿಗೆ ಹೊಡೆಯುತ್ತೆ. ಬೆಳಿಗ್ಗೆ ಇವರು ಗಂಟು ಕಾಯಿಸ್ತೀನಿ ಅಂತ ಹೋಗಿ ಬಟ್ಟೆಗೆ ಬೆಂಕಿ ಹಚ್ಚಿದರು. ಗಂಡಸಿನ ಕೈಗೆ ಕಾವು ಕೊಡೋದು ಬರಲ್ಲ, ಸುಡೋದಷ್ಟೇ ಬರುತ್ತೆ. ಬಿಸಿ ಎಷ್ಟಿದೆ ಅಂತ ಕೆನ್ನೆಗೆ ಇಟ್ಟು ನೋಡೋ ಬುದ್ಧಿಯಾದರೂ ಬೇಡವಾ.

ಕೋಲಾರದ ಮದುವೆಗಳು ಎಷ್ಟು ದಿನ ನಡೆಯುತ್ತವೋ. ಪೇಟೆಯವರಿಗೆ ಬೇರೆ ಕೆಲಸ ಇಲ್ಲ.

ಆಷಾಢ ಶುದ್ಧ ನವಮಿ

ಪುನರ್ವಸು ಮಳೆ ಹದವಾಗಿ ಬಂತು. ಬಿತ್ತಿದೆವು.

ಚನ್ನರಾಯ ಕೂರಿಗೆ ಹಿಡಿದ, ನಾನು ಸಡ್ಡೆ. ಕೈ ಸರಾಗವಾಗಿ ಆಡಿತು, ಕತ್ತು ಒಂದು ಸಲವೂ ಹಿಡೀಲಿಲ್ಲ. ದಾರಿ ಪಕ್ಕದ ಸಾಲಿಂದ ಶುರು ಮಾಡಿದೆ, ನೋಡೋರು ನೋಡಲಿ ಅಂತಲೇ. ಆಂಜಿನಮ್ಮ ಬುತ್ತಿ ಹೊತ್ತು ಆ ದಾರೀಲಿ ಮೂರು ಸಲ ಹೋದಳು, ಮೂರು ಸಲ ಬಂದಳು. ಎಷ್ಟು ಬುತ್ತಿ ಹೊರ್ತಾಳೋ.

ಬೂದಿ ಬೆರೆಸಿ ಮಡಕೇಲಿಟ್ಟಿದ್ದ ಬೀಜದ ಕಾಳು ಮಡಿಲಿಗೆ ಹಾಕಿಕೊಂಡಾಗ ಬೂದಿ ವಾಸನೆ ಜೊತೆ ಎಂಥದೋ ಹರಳೆಣ್ಣೆ ಕಮಟು. ಎಷ್ಟು ಸೀಗೆ ಹಾಕಿ ತಿಕ್ಕಿದರೂ ನನ್ನ ಹೆಗಲು ಬಿಟ್ಟು ಹೋಗಿಲ್ಲ ಈ ದರಿದ್ರ ವಾಸನೆ. ಮಡಕೆಯ ತಳದ ಕಾಳಿಗೆ ಬರೋ ಹೊತ್ತಿಗೆ ಹೋಗಿತ್ತು. ಗಾಳಿ ತಿರುಗಿರಬೇಕು.

ನಾಡಿದ್ದು ಆಚೆ ಬೀದಿ ಪೆದ್ದಪ್ಪನ ಹೊಲ. ಅವನೇ ಮನೆಗೆ ಬಂದು, "ಕದಿರಕ್ಕ, ಮೊದಲ ಕಾಳು ನಿಂದೇ," ಅಂತ ಹೇಳಿ ಹೋದ. ಆದರೆ ಸಂಜೆಯಿಂದ ಮಳೆ ಹಿಡಕೊಂಡಿದೆ, ನೆಲ ಆರಿ ಹದ ಬರೋವರೆಗೂ ಕಾಯಬೇಕು. ಅವನ ಮುಂದೆ ಆಯ್ತಪ್ಪ ಅಂತ ಬೇಸರದ ಮುಖ ಮಾಡಿದೆ. ಹಲ್ಲು ಬಿಟ್ಟರೆ ಮರ್ಯಾದೆ ಏನುಳೀತು.

ಆಷಾಢ ಬಹುಳ ಬಿದಿಗೆ

ರಾಗಿ ಹಸಿರು ಮೂಡಿದೆ. ಅವರೆ ಇಲ್ಲ.

ದಾರಿ ಪಕ್ಕದ ಸಾಲು ಬೋಳು. ಅದರ ಪಕ್ಕದ್ದೂ ಬೋಳು. ನಡುವಿನಲ್ಲಿ ಅಲ್ಲೊಂದು ಇಲ್ಲೊಂದು. ಆಚೆ ಬದುವಿನ ಹತ್ತಿರದ ಸಾಲು ಮಾತ್ರ ದಾರ ಹಿಡಿದ ಹಾಗೆ ಬಂದಿದೆ. ಆಂಜಿನಮ್ಮ ಸೊಂಟಕ್ಕೆ ಕೈ ಕೊಟ್ಟು ದಾರೀಲೇ ನಿಂತಿದ್ದಳು. "ಪಾಪ, ನಮ್ಮ ಕದಿರಕ್ಕನ ಕೈ," ಅಂದಳು. ಆ ಪಾಪ ಅನ್ನೋವಾಗ ಅವಳ ಬಾಯಿ ಬೆಲ್ಲ ತಿಂದ ಹಾಗಿತ್ತು.

ಊಟ ಮಾಡಲಿಲ್ಲ.

ಆಷಾಢ ಬಹುಳ ತದಿಗೆ

ಬೆಳಕು ಹರಿಯುತ್ತಲೇ ಹೊಲಕ್ಕೆ ಹೋದೆ. ಬೋಳು ಸಾಲಲ್ಲಿ ಬೆರಳು ಹಾಕಿ ಕೆದಕಿದೆ. ಕಾಳು ಇತ್ತು, ನಾನು ಬಿಟ್ಟ ಕಡೆಯೇ, ನಾನು ಬಿಟ್ಟ ಅಳತೆಗೇ. ಕೈ ತಪ್ಪಿಲ್ಲ. ಆದರೆ ಕಾಳು ಉಬ್ಬಿ ಮೆತ್ತಗಾಗಿ ಕೊಳೆತಿತ್ತು. ಹಿಸುಕಿದರೆ ಕೀವಿನ ಹಾಗೆ ಜಾರಿತು. ಮೂಸಿ ನೋಡಿದೆ.

ಹರಳೆಣ್ಣೆ.

ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಹಂಚಿನ ಮೇಲೆ ದಿನಾ ಕಾದು ಕಾದು ಜೀವ ಹೋದ ಗಂಟಿನ ಕಾಳು. ಬೀಜದ ಮಡಕೇಲಿ ಮೇಲೆ ಮೇಲೆ ಹಾಕಿದ್ದು ಮೊದಲ ಸಾಲುಗಳಿಗೆ ಬಂದಿದೆ, ತಳದ್ದು ಕೊನೇ ಸಾಲಿಗೆ.

ಮನೆಗೆ ಬಂದೆ. ಅನಸೂಯ ಹಿತ್ತಲಲ್ಲಿ ಪಾತ್ರೆ ಬೆಳಗ್ತಿದ್ದಳು.

"ಗಂಟಿನ ಕಾಳು ಎಲ್ಲಿಂದ ತೆಗೀತಿದ್ದೆ ನೀನು?"

"ಬೂದಿ ಮಡಕೆಯಿಂದ ಅತ್ತೆ. ಬುಟ್ಟಿ ಕಾಳು ಜೊಳ್ಳು. ಮಡಕೇದು ದಪ್ಪ ಇತ್ತು, ನಿಮಗೆ ಹೆಚ್ಚು ಹೊತ್ತು ಬಿಸಿ ಇರಲಿ ಅಂತ..."

"ತಿರುಗಿ ಅಲ್ಲಿಗೇ ಹಾಕಿದ್ಯಾ? ಬದಲಾಯಿಸಿದಾಗೆಲ್ಲ?"

"ನೀವೇ ಅಂದ್ರಲ್ಲ ಅತ್ತೆ, ತೆಗೆದ ಜಾಗಕ್ಕೇ ಹಾಕು ಅಂತ."

ಅಂದಿದ್ದೆ. ಇಡೀ ಬೀದಿಗೆ ಕೇಳೋ ಹಾಗೆ ಅಂದಿದ್ದೆ.

ಹುರಿದ ಕಾಳು ಹುಟ್ಟಲ್ಲ ಕಣೇ ಅಂದೆ. ಮೊದಲು ಅವಳಿಗೆ ಅರ್ಥ ಆಗಲಿಲ್ಲ. ಆಮೇಲೆ ಆಯ್ತು. ಕೈಲಿದ್ದ ಹುಣಸೆಹಣ್ಣು ಬೂದಿ ಹಾಗೇ ಮುಖಕ್ಕೆ ಹಚ್ಚಿಕೊಂಡು ಅಳೋಕೆ ಶುರು ಮಾಡಿದಳು. ಮೂಗಲ್ಲಿ ಸುರೀತಿತ್ತು. ನೋಡೋಕಾಗದೆ ನನ್ನ ಸೆರಗಲ್ಲೇ ಒರೆಸಿದೆ. ಒಗೆದ ಸೀರೆ ಹಾಳಾಯ್ತು.

ಅಷ್ಟರಲ್ಲಿ ಅಂಗಳದಲ್ಲಿ ಸದ್ದು. ಇವರು, ಚನ್ನರಾಯ, ಪೆದ್ದಪ್ಪ. ಹಿಂದೆ ಆಂಜಿನಮ್ಮ ಇದ್ದೇ ಇದ್ದಳಲ್ಲ.

"ಬೀಜ ಕೆಟ್ಟಿತ್ತೇನಮ್ಮ?" ಅಂದ ಚನ್ನರಾಯ. "ಮಡಕೆ ಯಾರು ಮುಟ್ಟಿದ್ದರು?"

ಆಂಜಿನಮ್ಮನ ಕಣ್ಣು ಸೀದಾ ನನ್ನ ಹಿಂದೆ ಇದ್ದ ಅನಸೂಯನ ಬೂದಿ ಮುಖದ ಮೇಲೆ ಹೋಯ್ತು. ಹದ್ದಿನ ಕಣ್ಣು. ಈ ಊರಲ್ಲಿ ಒಂದು ಹೆಸರು ಅಂಟಿತು ಅಂದರೆ ಸಾಯೋವರೆಗೂ ಬಿಡಲ್ಲ. ಬೀಜ ಹುರಿದೋಳು ಅಂತಾರೆ. ನಾಳೆ ಶ್ಯಾಮಲನಿಗೆ ಗಂಡು ನೋಡೋವಾಗಲೂ ಬೀಜ ಹುರಿದೋಳ ಮಗಳು ಅಂತಾರೆ. ಆ ಹೊಲಸು ಬಾಯಿಗಳಿಗೆ ನನ್ನ ಮನೆಯ ಮಾತು ಹಾಕಿ ಅಗಿಯೋಕೆ ಕೊಡಬೇಕಾ? ನನಗೆ ಅದು ಹೇಸಿಗೆ. ಅಷ್ಟೇ, ಬೇರೇನಿಲ್ಲ.

"ಮಡಕೆ ಯಾರೂ ಮುಟ್ಟಿಲ್ಲ. ಬೀಜಕ್ಕೆ ಏನೂ ಆಗಿಲ್ಲ. ಕೈಗೆ ಆಗಿದೆ," ಅಂದೆ. "ಮಾಘದಿಂದ ಈ ಹೆಗಲು ಹಿಡಿದಿದೆ. ಹೇಳಿಕೊಳ್ಳಲಿಲ್ಲ. ಸಡ್ಡೆ ಬಾಯಿಗೆ ಸರಿಯಾಗಿ ಬೀಳಲಿಲ್ಲ, ಮೇಲೇ ಚೆಲ್ಲಿತು, ಹಕ್ಕಿ ತಿಂದವು."

"ಮತ್ತೆ ಆಚೆ ಸಾಲು ಬಂದಿದೆಯಲ್ಲ?" ಅಂದ ಪೆದ್ದಪ್ಪ.

"ಆಚೆ ಹೋಗೋ ಹೊತ್ತಿಗೆ ಮೈ ಬಿಸಿಯಾಗಿ ನರ ಬಿಟ್ಟಿತ್ತು," ಅಂದೆ. ಸುಳ್ಳಿಗೂ ಕಾವೇ ಬಂತು ನೋಡು.

ನಂಬಲಿ ಅಂತ ಜಗಲಿ ಮೇಲಿದ್ದ ಚೊಂಬು ಎತ್ತೋಕೆ ಹೋಗಿ ಅರ್ಧದಲ್ಲಿ ಬಿಟ್ಟುಬಿಟ್ಟೆ. ಠಣ್ ಅಂತ ಉರುಳಿ ಹೋಗಿ ಆಂಜಿನಮ್ಮನ ಕಾಲ ಹತ್ತಿರ ನಿಂತಿತು. ಪೆದ್ದಪ್ಪ ತಲೆ ಬಗ್ಗಿಸಿ, "ಹಾಗಾದರೆ ನೀನು ಸುಧಾರಿಸಿಕೋ ಕದಿರಕ್ಕ. ನಮ್ಮ ಹೊಲಕ್ಕೆ ಆಂಜಿನಮ್ಮ ಬರ್ತಾಳೆ," ಅಂದ.

ಬರಲಿ.

ಆಷಾಢ ಬಹುಳ ಪಂಚಮಿ

ಇವರು ಮತ್ತೆ ಗಂಗುಲಪ್ಪನ್ನ ಕರೆತಂದರು. ಈ ಸಲ ಅರ್ಧ ಊರು ಹಿಂದೆ ಬಂತು, ಜಾತ್ರೆಗೆ ಬಂದ ಹಾಗೆ. ಆಂಜಿನಮ್ಮ ಮುಂದಿನ ಸಾಲಲ್ಲಿ.

"ಹೋದ ಸಲ ಓಡಿಸಿದ್ಯಲ್ಲಮ್ಮಾ," ಅಂತ ಹಲ್ಲು ಕಿರಿದ ಗಂಗುಲಪ್ಪ. ಅದೇ ನಾತ, ಅದೇ ಉಗುರು. "ಅವತ್ತೇ ಹಾಕಿಸಿಕೊಂಡಿದ್ದರೆ ಸಾಲು ತಪ್ಪುತಿತ್ತಾ?"

ಬೇಡ ಅನ್ನಬಹುದಿತ್ತು. ಅಂದರೆ ಕೇಳೋರು, ಹೆಗಲು ಕೆಟ್ಟಿದ್ದು ನಿಜವಾದರೆ ಬೇಡ ಯಾಕೆ ಅಂತ. ಆಂಜಿನಮ್ಮ ಅದಕ್ಕೇ ಕಾಯ್ತಿದ್ದಳು. ರವಿಕೆ ಸರಿಸಿ ಗೋಡೆ ಕಡೆ ತಿರುಗಿ ಕೂತೆ.

ಕೆಂಡ ಊದೋ ಸದ್ದಿಗೆ ಅನಸೂಯ ಒಳಗಿಂದ ಓಡಿ ಬಂದಳು. "ಬೇಡ! ಅತ್ತೆ ಹೆಗಲಿಗೆ ಏನೂ... ನಾನು ಆ ಕಾಳು..."

"ಬಾಯಿ ಮುಚ್ಚೇ!" ಅಂತ ಕಿರಿಚಿದೆ. "ದೊಡ್ಡೋರ ಮಧ್ಯೆ ಬರೋಕೆ ನಿಮ್ಮಪ್ಪ ಕಲಿಸಿದನಾ? ಹೋಗಿ ನೀರು ತಾ. ಹೋಗ್ತೀಯೋ ಇಲ್ವೋ?"

"ಪಾಪ, ಸೊಸೆ ಮೇಲೆ ಎಷ್ಟು ಉರಿ ನೋಡು ಇವಳಿಗೆ," ಅಂದಳು ಆಂಜಿನಮ್ಮ ಪಕ್ಕದವಳ ಕಿವೀಲಿ. ಒಳ್ಳೇದು, ಹಾಗೇ ಅಂದುಕೊಳ್ಳಲಿ.

ಅರಿಶಿನ ಸುಟ್ಟ ವಾಸನೆ ಬಂತು. ಆಮೇಲೆ ನನ್ನ ಚರ್ಮದ್ದು. ಇರುವೆ ಅಂತೆ, ಇರುವೆ. ಆ ಗಂಗುಲಪ್ಪನ ವಂಶಕ್ಕೆ ಅಂಥ ಇರುವೆ ಕಚ್ಚಲಿ.

ಕಿರಿಚಲಿಲ್ಲ. ಮಾಘದಲ್ಲಿ ನಿಜವಾಗಿ ನೋವಿದ್ದಾಗ ನಗ್ತಾ ಬಿಂದಿಗೆ ಹೊತ್ತೆ. ಈಗ ಚೆನ್ನಾಗಿರೋ ಹೆಗಲಿಗೆ ಬರೆ. ನನ್ನಂಥ ಹುಚ್ಚು ಮುಂಡೇದು ಈ ಸೀಮೇಲಿ ಇನ್ನೊಂದಿಲ್ಲ. ಅನಸೂಯ ತಂದ ನೀರಲ್ಲಿ ಅರ್ಧ ದಾರೀಲೇ ಚೆಲ್ಲಿಹೋಗಿತ್ತು. ಬೈದೆ.

ಆಷಾಢ ಬಹುಳ ದಶಮಿ

ಪೆದ್ದಪ್ಪನ ಹೊಲದಲ್ಲಿ ಆಂಜಿನಮ್ಮ ಮೊದಲ ಕಾಳು ಬಿಟ್ಟಳು. ಬದುವಿನ ಮೇಲೆ ನಿಂತು ನೋಡಿದೆ. ಹೊಸ ಸೀರೆ, ಹಣೆ ತುಂಬ ಕುಂಕುಮ. ಒಂದು ಕಡೆ ಗುಡ್ಡೆ, ಒಂದು ಕಡೆ ಏನಿಲ್ಲ. ನೋಡಿ ಕಣ್ಣು ಉರಿಯಿತು. ದೂಳಿಗೆ.

ಮಧ್ಯಾಹ್ನ ಮಡಕೆ ತಳದಲ್ಲಿ ಉಳಿದ ಕಾಳು ತಂದು ನಮ್ಮ ಬೋಳು ಸಾಲಿಗೆ ಮರುಬೀಜ ಊರಿದೆವು. ನನಗೆ ಬರೆ ಗಾಯ, ಕೈ ಎತ್ತೋ ಹಾಗಿಲ್ಲ. ಮಡಿಲ ಚೀಲ ಬಿಚ್ಚಿ ಅನಸೂಯನ ಸೊಂಟಕ್ಕೆ ಕಟ್ಟಿದೆ. ನಮ್ಮತ್ತೆ ಕಟ್ಟಿದ ಗಂಟೇ ಹಾಕಿದೆ, ಬೇರೆ ಗಂಟು ನನಗೆ ಬರಲ್ಲ.

"ಮೂಸು ಮೊದಲು," ಅಂದೆ.

ಅವಳು ಕಾಳು ಮೂಗಿಗೆ ಹಿಡಿದು, "ಬೂದಿ ವಾಸನೆ ಅಷ್ಟೇ ಅತ್ತೆ," ಅಂದಳು.

"ಹಾಂ. ಇನ್ನು ಬಿಡು. ಬೆರಳು ಇಷ್ಟು ಆಳ. ಅಷ್ಟಲ್ಲ, ಹೆಣ ಹೂಳ್ತಿದ್ದೀಯಾ? ಕತ್ತು ಬಗ್ಗಿಸು, ಕೋಲಾರ ಆ ಕಡೆ ಕಾಣಲ್ಲ. ಒಂದೇ ಕಾಳು. ಒಂದೇ ಅಂದೆ!"

ಸಾಲಿನ ಕೊನೆವರೆಗೂ ಬೈದೆ. ಸಾಲು ನೇರವಾಗಿ ಬಂದಿದೆ. ಅವಳಿಗೆ ಹೇಳಿಲ್ಲ, ಹೇಳಿದರೆ ನಾಳೆ ವಕ್ರ ಹಾಕ್ತಾಳೆ.

ಶ್ರಾವಣ ಶುದ್ಧ ಬಿದಿಗೆ

ಮರುಬೀಜ ಹುಟ್ಟಿದೆ. ಎಲ್ಲ ಸಾಲೂ. ಆಂಜಿನಮ್ಮ ದಾರಿ ಬದಲಾಯಿಸಿದಾಳೆ, ಕೆರೆ ಏರಿ ಮೇಲೆ ಸುತ್ತಿ ಹೋಗ್ತಾಳೆ.

ಬೆಳಿಗ್ಗೆ ಅನಸೂಯನ್ನ ಕರೆದೆ. ಇಡೀ ಮೈ ತಿರುಗಿಸಿ ನೋಡಿದಳು, ಬಂಡಿ ತಿರುಗಿಸಿದ ಹಾಗೆ.

"ಏನೇ ಅದು?"

"ಏನಿಲ್ಲ ಅತ್ತೆ."

ಏನಿಲ್ಲವಂತೆ. ನನಗೇ ಕಲಿಸೋಕೆ ಬರ್ತಾಳೆ. ಬಗ್ಗಿ ಬಗ್ಗಿ ಅಭ್ಯಾಸ ಇಲ್ಲ, ಕತ್ತು ಹಿಡಕೊಂಡಿದೆ. ಪಂಚೆ ತುಂಡು ಹುಡುಕಿ ಗಂಟು ಕಟ್ಟಿದೆ. ಉಪ್ಪಿಂದು. ಈ ಮನೇಲಿ ಇನ್ನು ಕಾವಿಗೆ ಉಪ್ಪೇ, ಕಾಳು ಮುಟ್ಟಿದವರ ಕೈ ಮುರೀತೀನಿ. ಹಂಚಿನ ಮೇಲಿಟ್ಟು, ಕೆನ್ನೆಗೆ ಮುಟ್ಟಿಸಿ ನೋಡಿದೆ. ಸರಿ ಇತ್ತು.

"ಕೂತ್ಕೋ. ಜಡೆ ಆ ಕಡೆ ಹಾಕು. ಥೂ, ತಲೆಗೆ ಎಷ್ಟು ಎಣ್ಣೆ ಸುರೀತೀಯೇ, ಕೈಯೆಲ್ಲ ಜಿಡ್ಡು."

ಅವಳು ಜಡೆ ಸರಿಸಿ ಕೂತಳು. ಅವಳು ಮಾತಾಡದೆ ಕೂತರೆ ನನಗೆ ಆಗಲ್ಲ. "ಅದೇನೋ ದೀಪ ಹಚ್ಚೋನು ಬರ್ತಿದ್ದ ಅಂದ್ಯಲ್ಲ ನಿಮ್ಮ ಬೀದೀಲಿ, ಅವನ ಸುದ್ದಿ ಹೇಳು," ಅಂದೆ. ಹೇಳ್ತಾ ಹೇಳ್ತಾ ಅವಳೇ ನನ್ನ ಮೊಣಕಾಲಿಗೆ ಒರಗಿ ನಿದ್ದೆ ಹೋದಳು. ಬಾಯಿ ತೆರೆದುಕೊಂಡು, ಜೊಲ್ಲು ಸೀರೆಗೆ ಬೀಳ್ತಾ ಇದೆ. ಹೇಸಿಗೆ.

ಕಾಲು ಜೋಮು ಹಿಡಿದಿದೆ, ಎಡಗೈಲಿ ಬರೀತಿದ್ದೀನಿ, ಅಕ್ಷರ ಎಲ್ಲ ಸೊಟ್ಟ. ಬಲಗೈ ಗಂಟಿನ ಮೇಲಿದೆ. ಉಪ್ಪು ಆರ್ತಾ ಬಂತು, ಮತ್ತೆ ಕಾಯಿಸಬೇಕು. ಇವಳು ಏಳಲಿ.